ಕೊರಳಿನ ಲಿಂಗ, ಸೊಂಟದ ಡಿಸ್ಕು

ಕೂತರೆ ನೋವು, ನಿಂತರೆ ನೋವು, ಮಲಗಿದರೆ ಬಲಗಾಲಿನ ಹಿಮ್ಮಡಿಯವರೆಗೂ ಜುಮುಜುಮು. ಬೇಗೂರಿನಲ್ಲಿ ನಮ್ಮದು ಗೊಬ್ಬರದ ಅಂಗಡಿ. ಮೂಟೆ ಎತ್ತಿ ಎತ್ತಿ ಸೊಂಟದ ಕೆಳಗಿನ ಡಿಸ್ಕು ಸವೆದುಹೋಗಿತ್ತು. ಯಾರಾದರೂ ಬಂದು ಯೂರಿಯಾ ಕೇಳಿದರೆ ಸಾಕು, ರೇಗುತ್ತಿದ್ದೆ. ಅವರು ಮಾತು ಮುಗಿಸುವಷ್ಟರಲ್ಲಿ ನಿಂತಲ್ಲಿ ನಿಲ್ಲಲಾಗದೆ ಬಾಗಿಲಿಗೂ ಗಲ್ಲಾಕ್ಕೂ ಹತ್ತಾರು ಸಲ ಓಡಾಡಿಬಿಡುತ್ತಿದ್ದೆ. ಬೆಳಗಿನ ಲಿಂಗಪೂಜೆಗೆ ಚಕ್ಕಳಮಕ್ಕಳ ಹಾಕಿ ಕೂರಲಾಗದೆ ಗೋಡೆಗೆ ಒರಗಿ ನಿಂತೇ ಮುಗಿಸುತ್ತಿದ್ದೆ. ಅದೂ ಒಂದು ಪೂಜೆಯೇ?

ಚಾಮರಾಜನಗರಕ್ಕೆ ಸ್ಕ್ಯಾನಿಂಗಿಗೆ ಹೋದರೆ, ಮೈಮೇಲೆ ಬೆಳ್ಳಿ ಬಂಗಾರ ಏನೂ ಇರಬಾರದು, ಕೊರಳಲ್ಲಿರುವುದನ್ನು ತೆಗೆದಿಡಿ ಎಂದರು. ಅದು ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ. ದೀಕ್ಷೆಯಾದಂದಿನಿಂದ ನನ್ನ ಮೈಬಿಟ್ಟು ಇಳಿದದ್ದಲ್ಲ. ಲಿಂಗ ಮೈಮೇಲಿಲ್ಲದಾಗ ಪ್ರಾಣ ಹೋದರೆ ಗತಿಯಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು. ತಲೆ ಕೆಟ್ಟು, ನಿಮ್ಮ ಮಿಷಿನ್ನು ನೀವೇ ಇಟ್ಟುಕೊಳ್ಳಿ ಎಂದು ಎದ್ದು ಬಂದುಬಿಟ್ಟೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಸೀಟಿದ್ದರೂ ಕೂರಲಾಗದೆ, ಕಂಬಿ ಹಿಡಿದು ನಿಂತೇ ಊರು ಸೇರಿದೆ. ಹಟ ಬೇಕಾದಷ್ಟಿತ್ತು, ಆದರೆ ನೋವಿಗೆ ಅದು ಮದ್ದಲ್ಲವಲ್ಲ.

ಆಮೇಲೆ ಕಾಲು ಎಳೆಯತೊಡಗಿತು. ಒಂದು ಬೆಳಗ್ಗೆ ಪೂಜೆ ಮಾಡುತ್ತ ನಿಂತಿದ್ದವನು ಮಂಡಿ ಕುಸಿದು ಬಿದ್ದೆ. ಎಬ್ಬಿಸಲು ಬಂದ ಹೆಂಡತಿ ಸಮಾಧಾನದ ಮಾತೇನೂ ಆಡಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಗೆ ಲಿಂಗ ಕೊಟ್ಟು ಮಣ್ಣು ಮಾಡುವುದಲ್ಲವೇ, ಅದನ್ನೇ ಎತ್ತಿದಳು.

"ಸತ್ ಮೇಲೆ ಎಂಗೂ ಕೂರುಸ್ತರೆ. ಬದ್ಕಿರುವಾಗ ಕೂತ್ಕಳದು ಬ್ಯಾಡ್ವಾ? ಲಿಂಗನ ನನ್ ಅಂಗೈಲೇ ಮಡಿಕಂಡಿರ್ತೀನಿ, ಕೆಳಕ್ಕೆ ಇಡದಿಲ್ಲ. ನಡೀರಿ."

ಅವಳ ಹೆಗಲು ಹಿಡಿದು ಬಸ್ಸು ಹತ್ತಿದೆ.

ಸ್ಕ್ಯಾನ್ ಆಯಿತು. ಸ್ಕ್ರೂ ಹಾಕಿ ಎರಡು ಮೂಳೆ ಬೆಸೆದರೆ ಆ ಜಾಗ ಮತ್ತೆ ಬಗ್ಗುವುದಿಲ್ಲ, ನಿಮಗಾದರೆ ಕೃತಕ ಡಿಸ್ಕನ್ನೇ ಕೂರಿಸಬಹುದು, ಅದಕ್ಕೆ ಹೊಟ್ಟೆಯ ಕಡೆಯಿಂದ ಕೊಯ್ದು ಹೋಗಬೇಕು ಎಂದರು ಮೈಸೂರಿನ ಡಾಕ್ಟರು. ನನಗೆ ಬಗ್ಗಬೇಕಿತ್ತು, ನೆಲದ ಮೇಲೆ ಕೂರಬೇಕಿತ್ತು. ಹೂಂ ಅಂದೆ. ಆದರೂ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕರಡಿಗೆ ಬಿಚ್ಚಿ ಅವಳ ಎಡಗೈಗೆ ಇಡುವಾಗ ಹೆದರಿದ್ದೆ, ಸುಳ್ಳೇಕೆ.

ಎಚ್ಚರವಾದಾಗ ಅವಳು ಮಂಚದ ಪಕ್ಕ ನಿಂತಿದ್ದಳು.

"ಕಾಲು ಅಳ್ಳಾಡ್ಸಿ," ಎಂದಳು.

ಬಲಗಾಲಿನ ಹೆಬ್ಬೆರಳು ಆಡಿತು. ಆಗ ಕರಡಿಗೆ ಹಿಡಿದಿದ್ದ ಎಡಗೈ ಮುಂದೆ ಚಾಚಿದಳು. ಇವರಿಗೆ ಬೆಳಗಿನಿಂದ ಊಟವಿಲ್ಲ, ನೀರಿಲ್ಲ, ನಿಮ್ಮನ್ನು ಹೊರಗೆ ತರುವವರೆಗೂ ಕೂತ ಜಾಗ ಬಿಟ್ಟು ಎದ್ದಿಲ್ಲ ಎಂದು ನರ್ಸು ನನ್ನನ್ನೇ ಬಯ್ಯುವ ಹಾಗೆ ಹೇಳಿದರು. ಮುಷ್ಟಿ ಮರಗಟ್ಟಿ ಬೆರಳು ಬಿಚ್ಚಲೇ ಇಲ್ಲ. ನರ್ಸು ಒಂದೊಂದೇ ಬೆರಳು ತೀಡಿ ಬಿಡಿಸುತ್ತಿದ್ದರೆ, ಇವಳು ತುಟಿ ಕಚ್ಚಿಕೊಂಡು ನನ್ನ ಕಾಲನ್ನೇ ನೋಡುತ್ತಿದ್ದಳು. ಮದುವೆಯಾದಂದಿನಿಂದ ಅವಳೆದುರು ಅತ್ತವನಲ್ಲ ನಾನು. ಅವತ್ತು ನರ್ಸಿನ ಮುಂದೆಯೇ ಅತ್ತೆ.