ಮೇಷ್ಟ್ರ ಟೀಮು

ಹಣೆಯ ನಡುವೆ ನೇರವಾಗಿ ಎಳೆದ ಕೆಂಪು ನಾಮ, ಅದರ ಮೇಲೆ ಹಳದಿ ಟೊಪ್ಪಿಗೆ, ಹೆಗಲ ಮೇಲೆ ಹಳದಿ-ಕೆಂಪು ಶಾಲು. ನಾಮ ಮೈಸೂರಿನ ಅಗ್ರಹಾರದ್ದು. ಶಾಲು ಹ್ಯೂಸ್ಟನ್ನಿನ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಹೊದಿಸಿದ್ದು. ಟೊಪ್ಪಿಗೆ ಮಾತ್ರ ನಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ್ದು. ತಂಡದ ಬಣ್ಣವೂ ಹಳದಿ-ಕೆಂಪೇ ಆಗಿದ್ದರಿಂದ, ಈ ಮುದುಕ ಮುಖಕ್ಕೂ ಬಣ್ಣ ಬಳಿದುಕೊಂಡು ಬಂದಿದ್ದಾನೆ ನೋಡಿ ಎಂದು ಸ್ಟೇಡಿಯಮ್ಮಿನಲ್ಲಿ ಅಕ್ಕಪಕ್ಕದವರು ಬಂದು ಬೆನ್ನು ತಟ್ಟುತ್ತಿದ್ದರು. ಒಬ್ಬಾಕೆಯಂತೂ ಆ ಶಾಲು ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಲೇಬೇಕು ಎಂದು ಹಟ ಹಿಡಿದಿದ್ದಳು. ಮೇಷ್ಟ್ರು ಯಾರನ್ನೂ ತಿದ್ದುತ್ತಿರಲಿಲ್ಲ. "ನಮ್ಮ ಬಾವುಟದ ಬಣ್ಣ ಹಾಕ್ಕೊಂಡು ಆಡ್ತಿದಾರೆ ಕಣಮ್ಮ, ನಾವು ಬಿಟ್ಕೊಡಕ್ಕಾಗತ್ತಾ?" ಎಂದು ನನ್ನ ಕಡೆ ತಿರುಗಿ ನಗುತ್ತಿದ್ದರು.

ಅವರು ಅಲ್ಲಿ ಗಣಿತದ ಪ್ರೊಫೆಸರ್. ಅಮೆರಿಕನ್ನರಿಗೆ 'ಡಾಕ್', ಊರಿನ ಕನ್ನಡದವರಿಗೆಲ್ಲ ಮೇಷ್ಟ್ರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನಿಂದ ಓದಲು ಹೋಗಿ ಅವರಿಗೆ ಟೀಚಿಂಗ್ ಅಸಿಸ್ಟೆಂಟ್ ಆದೆ. ಪಾಠ ಹೇಳಬೇಕಾದದ್ದು ಯಾರಿಗೆ ಅಂದುಕೊಂಡಿರಿ? ಫುಟ್‌ಬಾಲ್ ಹುಡುಗರಿಗೆ! ನಾನೋ ಐದಡಿಯ ನರಪೇತಲಿ. ಮೊದಲ ದಿನ ಅವರು ಒಳಗೆ ಬರುವಾಗ ದೇವರಾಣೆ ಬಾಗಿಲಿನ ಬೆಳಕೇ ನಿಂತುಹೋಯಿತು. ಮೇಷ್ಟ್ರು ತಲೆ ಕೂಡ ಎತ್ತದೆ "ಹದಿಮೂರು" ಎಂದರು. ಅಷ್ಟೂ ಜನ ಗೋಡೆಗೆ ಸಾಲಾಗಿ ನಿಂತು, ಮೇಷ್ಟ್ರು ಮೇಜು ತಟ್ಟಿದ ತಾಳಕ್ಕೆ ಇಂಗ್ಲಿಷಿನಲ್ಲಿ ಹದಿಮೂರರ ಮಗ್ಗಿ ಒಪ್ಪಿಸಿದರು. ಪಕ್ಕದ ಲ್ಯಾಬಿನವರು ಬಂದು ಇಣುಕಿ ಹೋದರು. ಕ್ಯಾಲ್ಕುಲೇಟರ್ ಇರುವ ಕಾಲದಲ್ಲಿ ಇದೇನು ಸರ್ ಎಂದು ನಾನು ಕೇಳಿದ್ದಕ್ಕೆ, "ದಿನವೆಲ್ಲ ಇವರಿಗೆ ನೀವು ದಡ್ಡರು, ಓಡಿ ಸಾಕು ಅಂತಾರಮ್ಮ. ಬೆಳಗ್ಗೆ ಎದ್ದು ಒಂದು ಸರಿ ಉತ್ತರ ಬಾಯಿಂದ ಬಂದ್ರೆ ಬೆನ್ನು ನೆಟ್ಟಗಾಗತ್ತೆ" ಎಂದರು.

ಆಟ ನನಗೆ ಕಲಿಸಿದವರೂ ಅವರೇ. ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ತಬ್ಬಿಕೊಂಡು ಓಡುವ ಅಮೆರಿಕದ ಫುಟ್‌ಬಾಲ್. "ಕಬಡ್ಡಿ ಗೊತ್ತಲ್ಲ? ಅದಕ್ಕೊಂದು ಚೆಂಡು ಸೇರಿಸು. ಹತ್ತು ಗಜ ಮುಂದೆ ಹೋಗ್ಬೇಕು, ಅದಕ್ಕೆ ನಾಲ್ಕು ಚಾನ್ಸು. ನಾಲ್ಕು ಚಾನ್ಸು ನಮ್ಮಪ್ಪನೂ ಕೊಟ್ಟಿರಲಿಲ್ಲ!" ಅವರು ವಿದ್ಯಾರ್ಥಿಯಾಗಿ ಬಂದ ಕಾಲಕ್ಕೆ ತಂಡದ ವೈಭವವೇ ವೈಭವವಂತೆ. ಜನ ಗೋಡೆ ಹತ್ತಿ ಆಟ ನೋಡುತ್ತಿದ್ದರಂತೆ. ಆಮೇಲೆ ಒಳ್ಳೆಯ ಕೋಚುಗಳು ಬಿಟ್ಟು ಹೋದರು, ಸೋಲಿನ ಮೇಲೆ ಸೋಲು ಬಂತು. ನಾನು ಹೋದಾಗ ಆ ಸ್ಟೇಡಿಯಮ್ಮಿನ ಖಾಲಿ ಬೆಂಚುಗಳ ಮೇಲೆ ಧಾರಾಳವಾಗಿ ಹಪ್ಪಳ ಒಣಹಾಕಬಹುದಿತ್ತು. ಆದರೆ ಮೇಷ್ಟ್ರ ಬಾಯಲ್ಲಿ ತಂಡದ ಚರಿತ್ರೆ ಬೇರೆಯೇ ಇತ್ತು. ಹಳೆಯ ಆಟಗಾರನೊಬ್ಬನ ಮಾತು ಬಂದರೆ ಅವನು ಹೊಡೆದ ಸ್ಕೋರು ಹೇಳಿ, ಆಮೇಲೆ ಅವನು ಯಾವ ಡಿಗ್ರಿ ತೆಗೆದುಕೊಂಡ, ಈಗ ಎಲ್ಲಿದ್ದಾನೆ ಎಂಬಲ್ಲಿಗೆ ತಂದು ನಿಲ್ಲಿಸುತ್ತಿದ್ದರು. ಒಬ್ಬ ಕ್ಲಿಯರ್ ಲೇಕಿನ ನಾಸಾದಲ್ಲಿ ಎಂಜಿನಿಯರ್, ಇನ್ನೊಬ್ಬ ಶಾಲೆಯ ಹೆಡ್‌ಮಾಸ್ಟರು. ಸೋತ ವರ್ಷಗಳೂ ಅವರ ಲೆಕ್ಕದಲ್ಲಿ ಸೋತ ವರ್ಷಗಳಾಗಿರಲಿಲ್ಲ.

ಆ ನವೆಂಬರಿನಲ್ಲಿ ಮಾತ್ರ ಪ್ರಾಣಕ್ಕೇ ಬಂತು. ಗೆಲ್ಲದ ತಂಡಕ್ಕೆ ಖರ್ಚು ದಂಡ, ಫುಟ್‌ಬಾಲನ್ನೇ ಮುಚ್ಚಿಬಿಡೋಣ ಎಂಬ ಮಾತು ಆಡಳಿತ ಮಂಡಳಿಯಲ್ಲಿ ಎದ್ದಿತ್ತು. ಡಾಲಸ್‌ನಲ್ಲಿ ನಮ್ಮ ಹಳೆಯ ಎದುರಾಳಿಯ ಜೊತೆ ವರ್ಷದ ಕೊನೆಯ ಆಟ. ಅದನ್ನು ಗೆದ್ದರೆ ತಂಡ ಉಳಿಯುತ್ತದೆ, ಸೋತರೆ ದೇವರೇ ಗತಿ ಎಂದು ಎಲ್ಲರೂ ನಂಬಿದ್ದರು. ಗೆಲ್ಲಿಸಬಲ್ಲವನು ಒಬ್ಬನೇ: ಚೆಂಡು ಹಿಡಿದು ನುಗ್ಗುವ, ಪೂರ್ವ ಟೆಕ್ಸಸ್ಸಿನ ಸಣ್ಣ ಊರಿನ ಹುಡುಗ. ಮೇಷ್ಟ್ರು ಅವನನ್ನು ಆನೆಮರಿ ಎನ್ನುತ್ತಿದ್ದರು. ಪರೀಕ್ಷೆ ಪಾಸಾಗದವನು ಆ ಶನಿವಾರ ಆಡುವಂತಿಲ್ಲ ಎಂದು ಕೋಚು ಮತ್ತು ಮೇಷ್ಟ್ರು ಸೇರಿ ಮಾಡಿದ್ದ ನಿಯಮವೊಂದಿತ್ತು. ಡಾಲಸ್ ಆಟದ ವಾರವೇ ಆನೆಮರಿ ಮೇಷ್ಟ್ರ ಬೀಜಗಣಿತದಲ್ಲಿ ಫೇಲಾಗಿ ಕುಳಿತ.

ಸುದ್ದಿ ಹೇಗೆ ಹಬ್ಬಿತೋ, ಹಳೆಯ ವಿದ್ಯಾರ್ಥಿಗಳ ಫೋನುಗಳು ಶುರುವಾದವು. ಒಬ್ಬ ಬೈದ, ಇನ್ನೊಬ್ಬ ಅತ್ತ. ನಮ್ಮವರೇನು ಕಡಿಮೆಯೇ? ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಸ್ಟೋರಿನಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದ ಮೇಷ್ಟ್ರನ್ನು ಕನ್ನಡ ಸಂಘದ ಹಿರಿಯರೊಬ್ಬರು ಅಂಗಡಿಯಲ್ಲೇ ಅಡ್ಡಗಟ್ಟಿದರು.

"ಮೇಷ್ಟ್ರೇ, ನಮ್ಮೂರಲ್ಲಿ ಗ್ರೇಸ್ ಮಾರ್ಕ್ಸ್ ಕೊಡಲ್ವಾ? ಒಂದು ನಾಕು ಹಾಕ್ಬಿಡಿ. ನಿಮಗೇ ಅಲ್ವಾ ಆ ಟೀಮ್ ಮೇಲೆ ಅಷ್ಟೊಂದು ಪ್ರೀತಿ?"

"ಪ್ರೀತಿ ಇರೋದಕ್ಕೇ ಕಣಯ್ಯ. ಇವತ್ತು ನಾನು ಹಾಕಿದ್ರೆ, ಅವನಿಗೆ ಲೆಕ್ಕ ಬರಲ್ಲ ಅಂತ ನಾನೇ ಸೈನ್ ಮಾಡಿ ಕೊಟ್ಟ ಹಾಗೆ. ಅವನು ನನ್ನ ಹತ್ರ ಓಡೋದು ಕಲಿಯಕ್ಕೆ ಬಂದಿಲ್ಲ."

ಬಾಯಲ್ಲಿ ಹಾಗೆಂದರು, ಸರಿ. ಅವರ ಹೆಂಡತಿ, ನಮ್ಮ ಆಂಟಿ, ನನ್ನ ಹತ್ತಿರ ಹೇಳಿದ್ದೇ ಬೇರೆ. "ಮೂರು ದಿನದಿಂದ ಅನ್ನ ಸರಿಯಾಗಿ ಇಳೀತಿಲ್ಲ ಕಣೇ ಇವರಿಗೆ. ಆ ಹುಡುಗನ ಪೇಪರ್ ತಂದು ಮತ್ತೆ ಮತ್ತೆ ತಿದ್ದಿದಾರೆ, ಎಲ್ಲಾದ್ರೂ ಅರ್ಧ ಮಾರ್ಕು ಬಿಟ್ಟುಹೋಗಿದೆಯೇನೋ ಅಂತ. ಸಿಗಲಿಲ್ಲ."

ಶನಿವಾರ ಬೆಳಗ್ಗೆ ಪುಳಿಯೋಗರೆಯ ಡಬ್ಬಿ ಕಟ್ಟಿಕೊಂಡು, ಮೇಷ್ಟ್ರ ಹಳೇ ವ್ಯಾನಿನಲ್ಲಿ ಡಾಲಸ್‌ಗೆ ಹೊರಟೆವು. ಇವತ್ತು ಅಲ್ಲಿಗೆ ಹೋದರೆ ಜನ ನಿಮ್ಮನ್ನು ಸುಮ್ಮನೆ ಬಿಡುತ್ತಾರಾ ಎಂದು ಕೇಳಿದೆ. "ಮಗು ಸೋಲೋದು ನೋಡಕ್ಕಾಗಲ್ಲ ಅಂತ ತಾಯಿ ಮನೇಲಿ ಕೂತ್ಕೋತಾಳೇನಮ್ಮ?" ಎಂದರು. ಅದೇ ನಾಮ, ಅದೇ ಶಾಲು. ಆದರೆ ಅವತ್ತು ಬೆನ್ನು ತಟ್ಟುವವರಿರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಕೆಟ್ಟ ಮಾತೊಂದನ್ನು ಎಸೆದರು. ನನಗೆ ಮೈಯೆಲ್ಲ ಉರಿದುಹೋಯಿತು, ತಿರುಗಿ ನಾಲ್ಕು ಬಿಡೋಣ ಎಂದು ಎದ್ದೆ. ಮೇಷ್ಟ್ರು ನನ್ನ ಕೈಗೆ ಪುಳಿಯೋಗರೆ ಹಾಕಿ, "ತಿನ್ನು, ಆರೋಗತ್ತೆ" ಎಂದರು.

ಕೊನೆಯ ಗಳಿಗೆಯಲ್ಲಿ ನಮ್ಮವರು ಗೆಲುವಿನ ಗೆರೆಯ ಹತ್ತಿರ ಬಂದು ನಿಂತಿದ್ದರು. ಒಂದು ಸಲ ನುಗ್ಗಿದರೆ ಸಾಕಿತ್ತು. ನಾಲ್ಕು ಚಾನ್ಸೂ ಹೋದವು. ಆನೆಮರಿಯ ಜಾಗದಲ್ಲಿ ಆಡಿದವನು ಗೆರೆಯ ಈಚೆಯೇ ಬಿದ್ದ. ಮೇಷ್ಟ್ರು ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಹೋದರು. ಕೆಳಗೆ ಕಂಬಿಯ ಆಚೆ ಆನೆಮರಿ ಅಂಗಿ-ಪ್ಯಾಂಟಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ನಾನು ಹಿಂದೆಯೇ ಇದ್ದೆ, ಕಿವಿಯಾರೆ ಕೇಳಿದ್ದೇನೆ. ಸಮಾಧಾನದ ಒಂದು ಮಾತೂ ಇಲ್ಲ. "ಸೋಮವಾರ ಬೆಳಗ್ಗೆ ನನ್ನ ರೂಮಿಗೆ ಬಾ. ಇನ್ನೂ ಮೂರು ಚಾನ್ಸು ಇದೆ ನಿನಗೆ" ಎಂದರು, ಅವರ ಮೈಸೂರು ಇಂಗ್ಲಿಷಿನಲ್ಲಿ.

ಬಂದ. ಸೋಮವಾರ ಬಂದ, ಮಂಗಳವಾರ ಬಂದ, ಚಳಿಗಾಲದ ರಜೆಯಲ್ಲಿ ಊರಿಗೆ ಹೋಗದೆ ಮೇಷ್ಟ್ರ ಮನೆಯ ಊಟದ ಮೇಜಿನ ಮೇಲೆ ಲೆಕ್ಕ ಹಾಕಿದ. ಆಂಟಿ ಬಡಿಸಿದ ಬಿಸಿಬೇಳೆ ಬಾತಿಗೆ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಮತ್ತೆ ಮತ್ತೆ ಹಾಕಿಸಿಕೊಂಡ. ತಂಡ ಮುಚ್ಚುವ ಮಾತು ಮಂಡಳಿಯ ಮುಂದೆ ಬಂದ ದಿನ ಕೋಚು ತಮ್ಮ ಬದಲು ಮೇಷ್ಟ್ರನ್ನು ಮಾತಾಡಲು ಕಳಿಸಿದರು. ಅವರು ಸ್ಕೋರಿನ ಸುದ್ದಿಯನ್ನೇ ಎತ್ತಲಿಲ್ಲವಂತೆ. ತಂಡದಿಂದ ಡಿಗ್ರಿ ಪಡೆದು ಹೋದವರ ಹೆಸರುಗಳನ್ನು, ತಾವು ಬಂದ ವರ್ಷದಿಂದ ಹಿಡಿದು, ಮಗ್ಗಿ ಹೇಳಿದ ಹಾಗೆ ಬಾಯಿಪಾಠ ಹೇಳುತ್ತಾ ಹೋದರಂತೆ. ಸಾಕು ಎಂದು ಅಧ್ಯಕ್ಷರು ಕೈಯೆತ್ತಿದರೂ ನಿಲ್ಲಿಸಲಿಲ್ಲವಂತೆ. ತಂಡ ಉಳಿಯಿತು. ಮುಂದಿನ ವರ್ಷ ಬೀಜಗಣಿತ ಪಾಸು ಮಾಡಿದ ಆನೆಮರಿ ಡಾಲಸ್‌ನವರ ನಡುವೆ ನುಗ್ಗಿ ಹೋದದ್ದನ್ನು ಕಂಡು ಮೇಷ್ಟ್ರು ಬೆಂಚಿನ ಮೇಲೆ ಹತ್ತಿ ಕುಣಿದರು. ಹಿಂದಿನ ವರ್ಷ ಬೈದವರೆಲ್ಲ ಬೆನ್ನು ತಟ್ಟಿದರು. ಅವರ ಮೇಲೆ ಇನ್ನೂ ಕುದಿಯುತ್ತಿದ್ದದ್ದು ನಾನೇ, ಮೇಷ್ಟ್ರಿಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ನಾನು ಓದು ಮುಗಿಸಿ ಆಸ್ಟಿನ್‌ಗೆ ಶಿಫ್ಟ್ ಆದೆ, ಅಲ್ಲೇ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದೆ. ಆನೆಮರಿಯೂ ಅದೇ ಊರಿಗೆ ಬಂದ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ! ಕೆಲವು ವರ್ಷಗಳ ಮೇಲೆ ಒಂದು ಭಾನುವಾರ ಅವನೇ ಫೋನ್ ಮಾಡಿದ. ಮೇಷ್ಟ್ರು ಹೋಗಿಬಿಟ್ಟಿದ್ದರು. ಇಬ್ಬರೂ ಒಂದೇ ಕಾರಿನಲ್ಲಿ ಹ್ಯೂಸ್ಟನ್‌ಗೆ ಹೋದೆವು.

ಫ್ಯೂನರಲ್ ಹೋಮಿನಲ್ಲಿ ಪೆಟ್ಟಿಗೆ ಸಾಗಿಸಲು ಚಕ್ರದ ಗಾಡಿ ಇರುತ್ತದೆ. ಆಂಟಿ ಒಪ್ಪಲಿಲ್ಲ. "ಅವರನ್ನ ತಳ್ಕೊಂಡು ಹೋಗೋದು ಬೇಡ. ಹೊತ್ಕೊಂಡು ಹೋಗಿ." ಹೆಗಲು ಕೊಡಲು ದಾಯಾದಿಗಳು ಯಾರಾದರೂ ಇದ್ದಾರೆಯೇ ಎಂದು ದೇವಸ್ಥಾನದಿಂದ ಬಂದಿದ್ದ ಭಟ್ಟರು ಕೇಳಿದರು. ಮೇಷ್ಟ್ರಿಗಿದ್ದದ್ದು ಒಬ್ಬಳೇ ಮಗಳು. ಆಗ ಹಿಂದಿನಿಂದ ಕುರ್ಚಿಗಳು ಸರಿದ ಸದ್ದಾಯಿತು. ಕರಿ ಸೂಟು ತೊಟ್ಟು ಬಂದಿದ್ದ ಮೇಷ್ಟ್ರು ಪಾಠ ಹೇಳಿದ ಮೂವತ್ತು ವರ್ಷಗಳ ತಂಡಗಳ ಹುಡುಗರು, ತಲೆ ನರೆತವರೂ ಸೇರಿ, ಒಟ್ಟಿಗೇ ಎದ್ದು ನಿಂತಿದ್ದರು. ಭಟ್ಟರು ಆಂಟಿಯ ಮುಖ ನೋಡಿದರು.

"ದಾಯಾದಿಗಳೆಲ್ಲ ಮೈಸೂರಲ್ಲಿದಾರೆ ಸ್ವಾಮಿ" ಎಂದರು ಆಂಟಿ. "ಇವರು ನಮ್ಮನೆಯವರ ಹುಡುಗರು. ಹೊರಲಿ."

ಸತ್ತಾಗ ಹೊರಲು ನಾಲ್ಕು ಜನರನ್ನಾದರೂ ಸಂಪಾದಿಸಬೇಕು ಎನ್ನುತ್ತಾರೆ ನಮ್ಮಲ್ಲಿ. ನಮ್ಮ ಮೇಷ್ಟ್ರು ಒಂದು ಇಡೀ ಟೀಮು ಸಂಪಾದಿಸಿದ್ದರು. ಆ ಹೊತ್ತಿನಲ್ಲೂ ನನಗೆ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಪೆಟ್ಟಿಗೆಯ ಮೇಲೆ ಹಳದಿ-ಕೆಂಪು ಶಾಲು ಹೊದಿಸಿದರು. ಮಗಳು ತಾನೂ ಹೆಗಲು ಕೊಡುತ್ತೇನೆಂದು ಮುಂದೆ ಬಂದಳು. ಅವಳೂ ನನ್ನ ಹಾಗೆ ಕುಳ್ಳಿ. ಆ ದೈತ್ಯರ ನಡುವೆ ನಿಂತಾಗ ಪೆಟ್ಟಿಗೆ ಅವಳ ತಲೆಯ ಮೇಲಿತ್ತು, ಹೆಗಲಿಗೆ ಎಟುಕಲೇ ಇಲ್ಲ. ಆನೆಮರಿ ಮೆಲ್ಲಗೆ ಏನೋ ಅಂದ. ಅಷ್ಟೂ ಜನ ಆಟ ಶುರುವಾಗುವ ಮುನ್ನ ಗೆರೆಯಲ್ಲಿ ನಿಲ್ಲುವ ಹಾಗೆ ಮಂಡಿ ಬಗ್ಗಿಸಿದರು. ಅಪ್ಪ ಮಗಳ ಹೆಗಲಿಗೆ ಬಂದ. ಕೊನೆಯವರೆಗೂ ಅವರು ಯಾರೂ ನೆಟ್ಟಗಾಗದೆ, ಹಾಗೇ ಬಗ್ಗಿಕೊಂಡೇ ನಡೆದರು.