ಇರಾನಿಗೆ ಹೊರಡುವ ಮುಂಚೆ ಓದಿದ್ದು

ಕಳೆದ ಗುರುವಾರ ಕಡೂರು ಬಸ್ ಸ್ಟ್ಯಾಂಡಿನಲ್ಲಿ ಶಾಂತಾ ಸಿಕ್ಕಿದಳು. ನನ್ನ ಹಾಗೇ ನಮ್ಮ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ. ಲಿಬಿಯಾದಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತಾಳೆ.

"ಅಕ್ಕ, ನೀವು ಫಾರಿನ್‌ಗೆ ಹೋಗಿ ಬಂದೋರು. ಏನೇನು ತಗಂಡು ಹೋಗ್ಬೇಕು ಹೇಳಿ" ಎಂದಳು.

"ಆ ದೇಶದ ಒಂದು ಕಥೆ ಪುಸ್ತಕ ಹುಡುಕಿ ಓದು. ಕವಿತೆ ಸಿಕ್ಕಿದ್ರೆ ಇನ್ನೂ ಒಳ್ಳೇದು."

ಶಾಂತಾ ನಕ್ಕಳು. "ನಾನು ಸೀರಿಯಸ್ಸಾಗಿ ಕೇಳ್ತಿದೀನಿ ಕಣಕ್ಕ."

ನಾನೂ ಸೀರಿಯಸ್ಸಾಗಿಯೇ ಹೇಳಿದ್ದೆ. ಅಷ್ಟರಲ್ಲಿ ಅವಳ ಬಸ್ ಬಂತು. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಹೇಳಲಾಗದ್ದನ್ನು ಈ ವಾರದ ಅಂಕಣದಲ್ಲಿ ಬರೆಯುತ್ತಿದ್ದೇನೆ. (ಶಾಂತಾ, ಓದಿ ನಗಬೇಡ.)

ಇದು ಎಪ್ಪತ್ತರ ದಶಕದ ನಡುವಿನ ಮಾತು. ಆಗ ಇರಾನಿನ ಆಸ್ಪತ್ರೆಗಳಿಗೆ ನಮ್ಮ ದೇಶದಿಂದ ನರ್ಸುಗಳನ್ನು ಕರೆಸಿಕೊಳ್ಳುತ್ತಿದ್ದರು. ನನ್ನದು ಅಜ್ಜಂಪುರದ ಬೇಸಾಯದ ಮನೆ, ಕೆಲಸ ಆಗಲೂ ಕಡೂರಿನ ಆಸ್ಪತ್ರೆಯಲ್ಲೇ. ಮದುವೆ ಇನ್ನೂ ಆಗಿರಲಿಲ್ಲ. ಬೊಂಬಾಯಿಯಲ್ಲಿ ಇಂಟರ್‌ವ್ಯೂ ಮುಗಿಸಿ, ಸೆಲೆಕ್ಟ್ ಆಗಿ ಊರಿಗೆ ಬಂದೆ.

ಅವ್ವ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ರಾಗಿ ಸಿಗುತ್ತೇನೆ?"

ಅಪ್ಪ ಕೇಳಿದ್ದು, "ಆ ಜನ ಎಂಥೋರು?"

ರಾಗಿ ಸಿಗಲ್ಲ ಎಂದು ಹೇಳಿಬಿಡಬಹುದು. ಎರಡನೆಯ ಪ್ರಶ್ನೆಗೆ ಏನು ಹೇಳುವುದು? ಬೊಂಬಾಯಿಯ ಆಫೀಸಿನವರು ಅಲ್ಲಿಯ ಚಳಿ, ಅಲ್ಲಿಯ ಊಟ, ಡ್ಯೂಟಿಯ ಟೈಮಿಂಗ್ಸ್ ಎಲ್ಲ ಹೇಳಿ ಕಳಿಸಿದ್ದರು. ಜನ ಎಂಥವರು ಅಂತ ಅವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಗೊತ್ತಿಲ್ದೇ ಇರೋ ಜನದ ಮಧ್ಯೆ ಒಬ್ಳೇ ಮಗಳನ್ನ ಕಳಿಸೋಕಾಗಲ್ಲ" ಎಂದರು ಅಪ್ಪ. ಅಪ್ಪ ಕೂಗಾಡುವವರಲ್ಲ. ಮೆಲ್ಲಗೆ ಹೇಳಿದರೆ ಅದು ಇನ್ನೂ ಗಟ್ಟಿ.

ತರೀಕೆರೆಯಲ್ಲಿ ಅಪ್ಪನಿಗೆ ಹಳೆಯ ಸ್ನೇಹಿತರೊಬ್ಬರಿದ್ದರು, ಖಾದರ್ ಸಾಹೇಬರು. ಉರ್ದು ಸ್ಕೂಲಿನ ಮೇಷ್ಟ್ರಾಗಿದ್ದು ರಿಟೈರ್ ಆದವರು. ಇರಾನಿನವರ ಪಾರ್ಸಿ ಭಾಷೆ ಓದಿಕೊಂಡಿದ್ದರು. "ಅವ್ರನ್ನ ಒಂದ್ಮಾತು ಕೇಳಾನ" ಎಂದು ಅಪ್ಪ ನನ್ನನ್ನೂ ಕರೆದುಕೊಂಡು ತರೀಕೆರೆ ಬಸ್ ಹತ್ತಿದರು. ಸಾಹೇಬರು ಬೇಡ ಎನ್ನುತ್ತಾರೆ, ಮಗಳ ಹುಚ್ಚು ಬಿಡುತ್ತದೆ ಎಂದುಕೊಂಡಿದ್ದರೋ ಏನೋ.

ಸಾಹೇಬರು ಬೇಡ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಟೀ ತರಿಸಿದರು. "ನಾನೂ ಇರಾನ್ ನೋಡಿಲ್ಲ ಗೌಡ್ರೇ. ಓದಿದೀನಿ ಅಷ್ಟೇ. ಓದಿದ್ದನ್ನ ಹೇಳ್ತೀನಿ, ನೀವೇ ತೀರ್ಮಾನ ಮಾಡಿ" ಎಂದು ಬೀರುವಿನಿಂದ ಎರಡು ಪುಸ್ತಕ ತೆಗೆದರು. ಒಂದು, ಅಲ್ಲಿಯ ಸಣ್ಣ ಕಥೆಗಳನ್ನು ಇಂಗ್ಲಿಷಿಗೆ ತಂದದ್ದು. ಇನ್ನೊಂದು ಪಾರ್ಸಿ ಕವಿತೆಗಳದ್ದು.

ಮೊದಲು ಓದಿದ ಕಥೆ ಇಬ್ಬರು ಅಣ್ಣತಮ್ಮಂದಿರದು. ಹೊಲಕ್ಕೆ ನೀರು ಹಾಯಿಸುವ ಸರದಿಗಾಗಿ ಜಗಳ. ಒಂದೇ ಕಾಲುವೆ. ಅಣ್ಣ ತನ್ನ ಪಾಲಿನ ಹೊತ್ತು ಮುಗಿದರೂ ಮಡೆ ಕಟ್ಟಿ ನೀರನ್ನು ತಮ್ಮನ ಕಡೆ ಬಿಡುವುದಿಲ್ಲ. ತಮ್ಮ ಗುದ್ದಲಿ ಹಿಡಿದು ಬರುತ್ತಾನೆ. ಬಂದು ನೋಡಿದರೆ ಅಣ್ಣ ಬದುವಿನ ಮೇಲೆ ಜ್ವರದಲ್ಲಿ ಮಲಗಿದ್ದಾನೆ. ತಮ್ಮ ಬೈಯುತ್ತಲೇ ಅಣ್ಣನ ಹೊಲಕ್ಕೆ ಪೂರ್ತಿ ನೀರು ಹಾಯಿಸಿ, ಅವನನ್ನು ಹೊತ್ತುಕೊಂಡು ಮನೆಗೆ ಹೋಗುತ್ತಾನೆ.

ಸಾಹೇಬರು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತಿದ್ದರು. ಅಪ್ಪನ ಟೀ ಆರಿಹೋಯಿತು.

"ಜಮೀನಿಗೆ ಖುಷ್ಕಿ, ತರಿ, ಬಾಗಾಯ್ತು ಅಂತ ದಿನಾ ಅಂತೀರಲ್ಲ, ಅವೆಲ್ಲ ಅವ್ರ ಕಡೆ ಮಾತೇ" ಎಂದು ಸಾಹೇಬರು ನಕ್ಕರು.

ಅಪ್ಪ ನಗಲಿಲ್ಲ. "ಬೈಕಂಡೇ ನೀರು ಹಾಯಿಸಿದ್ನಾ?" ಎಂದು ಕೇಳಿದರು. "ಬೈಕಂಡೇ" ಎಂದರು ಸಾಹೇಬರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿ ಕಡೆ ನೋಡುತ್ತಾ ಹೇಳಿದರು. "ನಮ್ಮಂಥೋರೇ ಕಣವ್ವ. ಹೋಗ್ಬಾ."

ಪಾಸ್‌ಪೋರ್ಟ್ ಕೊಟ್ಟದ್ದು ಸರ್ಕಾರ. ನನ್ನನ್ನು ಕಳಿಸಿಕೊಟ್ಟದ್ದು ಮಾತ್ರ ಒಂದು ಕಥೆ.

ಹೊರಡುವವರೆಗೂ ರಜೆ ಸಿಕ್ಕಾಗೆಲ್ಲ ಕಡೂರಿನಿಂದ ತರೀಕೆರೆಗೆ ಹೋಗಿ ಓದಿದೆ. ಕವಿತೆಗಳನ್ನು ಸಾಹೇಬರು ಮೊದಲು ಪಾರ್ಸಿಯಲ್ಲಿ ಜೋರಾಗಿ ಓದುತ್ತಿದ್ದರು. "ಅರ್ಥ ಆಮೇಲೆ. ಮೊದ್ಲು ಕಿವಿಗೆ ಬೀಳ್ಲಿ" ಎನ್ನುತ್ತಿದ್ದರು. ನಾಲ್ಕಾರು ಸಾಲು ಬಾಯಿಪಾಠವೂ ಆಯಿತು.

ಕಥೆಗಳಲ್ಲೊಂದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಬಹಳ ದೂರದಿಂದ ನಡೆದು ಬಂದ ಒಬ್ಬ ಮುದುಕನಿಗೆ, ಹೊರದೇಶದಿಂದ ಬಂದು ನೆಲೆಸಿದ ಮನೆಯೊಡತಿ ಊಟಕ್ಕೆ ಏಳಿ ಎನ್ನುತ್ತಾಳೆ. ಅವನು "ಬೇಡ, ತೊಂದರೆ ತಗೋಬೇಡಿ" ಎನ್ನುತ್ತಾನೆ. ಆಕೆ ಸರಿ ಎಂದು ಸುಮ್ಮನಾಗುತ್ತಾಳೆ. ಮುದುಕ ಹಸಿದುಕೊಂಡೇ ಎದ್ದು ಹೋಗುತ್ತಾನೆ. ಅಷ್ಟೇ ಕಥೆ.

"ಇದೇನು ಸಾಹೇಬ್ರೇ, ಬೇಕು ಅನ್ನೋಕೆ ಅವನಿಗೇನಾಗಿತ್ತು?" ಎಂದೆ.

"ಮೊದಲ್ನೇ ಸಲಕ್ಕೇ ಹೂಂ ಅನ್ನೋದು ಅಲ್ಲಿ ಮರ್ಯಾದೆ ಅಲ್ಲಮ್ಮ. ಎರಡು ಮೂರು ಸಲ ಕೇಳ್ಬೇಕು. ಕೇಳೋರಿಗೆ ನಿಜವಾಗ್ಲೂ ಮನಸ್ಸಿದ್ರೆ ಕೇಳ್ತಾರೆ ಅಂತ ಅವ್ರ ಲೆಕ್ಕ."

ಸರಿ, ಹೋದೆ. ಕವಿತೆ ಓದಿ ಹೋದವಳಿಗೆ ಕಣ್ಣಿಗೆ ಬಿದ್ದದ್ದು ಸಿಮೆಂಟು, ಲಾರಿ, ಡೀಸೆಲ್ ಹೊಗೆ. ನನ್ನ ಆಸ್ಪತ್ರೆ ಇದ್ದ ಸಣ್ಣ ಊರಿನ ಸುತ್ತ ಬೋಳು ಗುಡ್ಡ. ಸಾಹೇಬರ ಪುಸ್ತಕದ ಗುಲಾಬಿ ತೋಟ ಎಲ್ಲಿ ಎಂದು ಎರಡು ದಿನ ಅತ್ತೆ. ಮೂರನೆಯ ದಿನ ವಾರ್ಡಿನಲ್ಲಿ ಬಾಯಿಪಾಠದ ಒಂದು ಸಾಲು ತಪ್ಪುತಪ್ಪಾಗಿ ಹೇಳಿದೆ. ಅತ್ತ ಇತ್ತ ಮಲಗಿದ್ದ ಹೆಂಗಸರೆಲ್ಲ ಒಟ್ಟಿಗೆ ಮುಂದಿನ ಸಾಲು ಹೇಳಿದರು. ಓದು ಬಾರದವರೂ ಹೇಳಿದರು. ಅವತ್ತಿನಿಂದ ನನಗೆ ಊಟ ಸೇರತೊಡಗಿತು.

ಆ ಚಳಿಗಾಲದಲ್ಲಿ ಮರ್ಯಮ್ ಖಾನುಮ್ ಎಂಬ ಹೆಂಗಸು ವಾರ್ಡಿಗೆ ಬಂದರು. ಮಾಳಿಗೆ ಮೆಟ್ಟಿಲಿನಿಂದ ಜಾರಿ ಬಿದ್ದು ಎಡಗೈ ಮುರಿದಿತ್ತು. ಪ್ಲಾಸ್ಟರ್ ಹಾಕಿದ್ದರು. ಡಾಕ್ಟರು ರೌಂಡ್ಸಿಗೆ ಬಂದು "ಬೇರೆ ಎಲ್ಲಾದರೂ ನೋವಿದೆಯಾ?" ಎಂದು ಕೇಳಿದರು.

"ಚೀಜಿ ನೀಸ್ತ್" ಎಂದರು ಆಕೆ. ಏನೂ ಇಲ್ಲ ಅಂತ. ಡಾಕ್ಟರು ಮುಂದಿನ ಬೆಡ್ಡಿಗೆ ಹೋದರು.

ಮಧ್ಯಾಹ್ನ ನಾನು ನಾಡಿ ನೋಡಿದೆ. ಸ್ವಲ್ಪ ಜೋರಿತ್ತು. ಬಿದ್ದ ಭಯಕ್ಕೆ ಇರಬಹುದು. "ನೋವಿದೆಯಾ ಅಮ್ಮ?" ಎಂದೆ, ಕಲಿತಿದ್ದ ಅರೆಬರೆ ಪಾರ್ಸಿಯಲ್ಲಿ. ಮತ್ತೆ ಅದೇ, "ಚೀಜಿ ನೀಸ್ತ್. ನೀನು ತೊಂದರೆ ತಗೋಬೇಡ ಮಗಳೇ."

ತೊಂದರೆ ತಗೋಬೇಡ. ಈ ಮಾತು ನಾನು ಎಲ್ಲಿ ಓದಿದ್ದೆ?

ನಾನು ಟ್ರೇ ಕೆಳಗಿಟ್ಟೆ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ. ಸರಿಯಿದ್ದ ಕೈಯನ್ನು ಹಿಡಿದುಕೊಂಡು ಇನ್ನೊಂದು ಸಲ ಕೇಳಿದೆ. ಆಕೆ ಇಲ್ಲವೆಂದು ತಲೆಯಾಡಿಸಿದರು. ಕೈ ಬಿಡದೆ ಮತ್ತೆ ಕೇಳಿದೆ.

ಆಕೆಯ ಕಣ್ಣು ತುಂಬಿತು. ನನ್ನ ಕೈಯನ್ನು ತಾವೇ ಎಳೆದು ಪಕ್ಕೆಲುಬಿನ ಕೆಳಗೆ ಎಡಗಡೆ ಹೊಟ್ಟೆಯ ಮೇಲೆ ಇಟ್ಟುಕೊಂಡರು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು.

ಓಡಿದೆ. ಡಾಕ್ಟರೂ ಓಡಿ ಬಂದರು. ಬಿದ್ದ ಏಟಿಗೆ ಒಳಗೆ ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ರಕ್ತ ಸೋರುತ್ತಿತ್ತು. ಕೂಡಲೇ ಆಪರೇಶನ್ ಆಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರೇ ಹೇಳಿದರು. ಮರ್ಯಮ್ ಖಾನುಮ್ ಉಳಿದರು.

ನಾನೇನೋ ದೊಡ್ಡ ನರ್ಸ್ ಎಂದು ಹೇಳಿಕೊಳ್ಳುತ್ತಿಲ್ಲ. ನಾಡಿ ಯಾರು ಬೇಕಾದರೂ ನೋಡುತ್ತಾರೆ. "ಇಲ್ಲ" ಅನ್ನುವ ಮಾತು ಆ ನೆಲದಲ್ಲಿ ಎಷ್ಟು ಸಲದ ಮೇಲೆ ನಿಜವಾಗುತ್ತದೆ ಎಂದು ಯಾವ ನರ್ಸಿಂಗ್ ಟೆಕ್ಸ್ಟ್ ಬುಕ್ಕೂ ನನಗೆ ಹೇಳಿಕೊಟ್ಟಿರಲಿಲ್ಲ. (ಹಾಗೆ ನೋಡಿದರೆ ನಮ್ಮ ಕಡೂರು ಸೀಮೆಯಲ್ಲೂ ಹೊಟ್ಟೆ ಹಸಿದವರು "ಈಗ್ತಾನೇ ಊಟ ಆಯ್ತು ಕಣವ್ವ" ಅನ್ನುವುದಿಲ್ಲವೇ?)

ಡಿಸ್ಚಾರ್ಜ್ ದಿನ ಆಕೆಯ ಮಗ ಬಂದಿದ್ದ. ಸ್ಕೂಲ್ ಟೀಚರ್, ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. "ಅಮ್ಮ ನನಗೇ ನೋವು ಅಂತ ಹೇಳಿರಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದ.

"ನಿಮ್ಮ ದೇಶದ ಒಂದು ಕಥೆ ಓದಿದ್ದೆ" ಎಂದು ಆ ಮುದುಕನ ವಿಷಯ ಹೇಳಿದೆ.

ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಹೇಳಿದ. "ಒಂದು ದಿನ ನಿಮ್ಮ ಊರಿಗೆ ಬರ್ತೀನಿ ಸಿಸ್ಟರ್. ಬರುವ ಮುಂಚೆ ನಾನು ಏನು ಓದಬೇಕು?"

ನಾನು ಬಾಯಿ ತೆರೆದೆ. ಅಜ್ಜಂಪುರ, ಕಡೂರು, ತರೀಕೆರೆ, ನಮ್ಮ ಜನ, ನಮ್ಮ ಮಾತು, ನಮ್ಮ ಸಂಕೋಚ ಎಲ್ಲ ಕಣ್ಣ ಮುಂದೆ ಬಂತು. ಅವನ ಭಾಷೆಯಲ್ಲಿ ಅವನ ಕೈಗೆ ಕೊಡಬಹುದಾದ ಒಂದೇ ಒಂದು ಕಥೆಯ ಹೆಸರೂ ನನಗೆ ಗೊತ್ತಿರಲಿಲ್ಲ.

ಅಲ್ಲಿ ಕ್ರಾಂತಿಯ ಗಲಾಟೆ ಶುರುವಾದ ಮೇಲೆ ನಾನು ವಾಪಸ್ ಬಂದೆ. ಅವನು ಬರಲಿಲ್ಲ. ನಾಳೆ ಬಂದರೂ ಬರಬಹುದು.

ನಮ್ಮ ಕಡೂರಿಗೆ ಬರುವವನು ಮೊದಲು ಏನು ಓದಿಕೊಂಡು ಬರಬೇಕು, ನೀವಾದರೂ ಹೇಳುತ್ತೀರಾ?