ಎಡಗೈಗೆ ಲಿವರ್

ಆ ದೋಣಿಯ ಕೆಲಸ ಎರಡನೆಯ ಸಲ ನನ್ನ ಬಳಿ ಬಂದಾಗ ನಾನು ತಕ್ಷಣ ಒಪ್ಪಲಿಲ್ಲ.

ರಾಮನಗರದಲ್ಲಿ ನನ್ನದೊಂದು ವರ್ಕ್‌ಶಾಪ್ ಇದೆ. ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ಮೋಟಾರು ರಿಪೇರಿ ನನ್ನ ಕಸುಬು. ದೋಣಿಯ ಸಹವಾಸ ಬಂದದ್ದು ಮಾಗಡಿ ಕಡೆ, ಸಾವನದುರ್ಗ ಕಾಣುವ ಒಂದು ಜಲಾಶಯದ ದಡದಲ್ಲಿ ರೆಸಾರ್ಟ್ ಮಾಡಿಕೊಂಡಿರುವ ಯಜಮಾನರಿಂದ. ಅದು ಸ್ಕೀ ಬೋಟು. ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ನಿಂತವರನ್ನು ಹಗ್ಗದಿಂದ ಎಳೆದುಕೊಂಡು ಹೋಗುತ್ತದೆ. ಎಂಜಿನ್ ಒಳಗಿರುವುದಿಲ್ಲ, ಹಿಂಬದಿಯ ಅಂಚಿಗೆ ತೂಗುಹಾಕಿರುತ್ತಾರೆ. ಮುಂದೆ ಕೂತ ಚಾಲಕನ ಕೈಗೂ ಹಿಂದಿನ ಎಂಜಿನ್ನಿಗೂ ನಡುವೆ ಇರುವುದು ಕೇಬಲ್ಲುಗಳು ಮಾತ್ರ. ಮೊದಲ ಸಲ ಅವನ್ನು ಜೋಡಿಸಿದ್ದೂ ನಾನೇ.

ಚಾಲಕ ಕೈಲಾಂಚ ಕಡೆಯವನು. ಮೊದಲು ಟ್ರ್ಯಾಕ್ಟರ್, ಆಮೇಲೆ ಟೆಂಪೋ, ಆಮೇಲೆ ಈ ದೋಣಿ. ನನಗಿಂತ ಚಿಕ್ಕವನು, ಅಣ್ಣ ಎನ್ನುತ್ತಾನೆ. ಅವನು ಬಿದ್ದ ದಿನ ನಾನು ದೋಣಿ ಕಟ್ಟುವ ಜೆಟ್ಟಿಯ ಮೇಲೆ ನಿಂತಿದ್ದೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ದೋಣಿ ವೇಗದಲ್ಲಿತ್ತು. ಸ್ಕೀ ಮಾಡುತ್ತಿದ್ದ ಅತಿಥಿ ದೂರದಲ್ಲಿ ನೀರಿಗೆ ಬಿದ್ದ. ಅವನಿಗೆ ಏನೂ ಆಗಲಿಲ್ಲ. ಅವನನ್ನು ನೋಡಲು ಚಾಲಕ ಹಿಂದಕ್ಕೆ ತಿರುಗಿದ; ಸ್ಟಿಯರಿಂಗ್ ಚಕ್ರದ ಮೇಲಿದ್ದ ಕೈ ಸಡಿಲವಾಯಿತು. ಹಳೆಯ ಸ್ಟಿಯರಿಂಗ್ ಅದು, ಕೈ ಬಿಟ್ಟರೆ ಎಂಜಿನ್ನಿನ ಎಳೆತಕ್ಕೆ ತಾನೇ ತಿರುಗಿಕೊಳ್ಳುತ್ತಿತ್ತು. ದೋಣಿ ಒಮ್ಮೆಲೇ ಒಂದು ಪಕ್ಕಕ್ಕೆ ಹೊರಳಿತು. ಚಾಲಕ ನೀರಿನಲ್ಲಿದ್ದ. ದೋಣಿ ನಿಲ್ಲಲಿಲ್ಲ. ಯಾರೂ ಇಲ್ಲದ ದೋಣಿ ಅವನ ಸುತ್ತ ಸುತ್ತತೊಡಗಿತು.

ಎಷ್ಟು ಸುತ್ತು ಹಾಕಿತೋ ನನಗೆ ಗೊತ್ತಿಲ್ಲ. ಪ್ರತಿ ಸಲವೂ ಅವನ ಹತ್ತಿರಕ್ಕೇ ಬರುತ್ತಿತ್ತು. ಮೈಮೇಲೆ ಲೈಫ್ ಜಾಕೆಟ್ ಇದ್ದುದರಿಂದ ಅವನಿಗೆ ಮುಳುಗಿ ತಪ್ಪಿಸಿಕೊಳ್ಳಲೂ ಆಗುತ್ತಿರಲಿಲ್ಲ. ಒಂದು ಸಲ ದೋಣಿಯ ಪಕ್ಕೆಯನ್ನು ಬಲಗೈಯಿಂದ ತಳ್ಳಿದ. ಆ ಕೈ ಪಕ್ಕೆಯ ಉದ್ದಕ್ಕೂ ಜಾರಿ ಹಿಂದಕ್ಕೆ, ಎಂಜಿನ್ನಿನ ಫ್ಯಾನ್ ನೀರೊಳಗೆ ತಿರುಗುವಲ್ಲಿಗೆ ಹೋಯಿತು. ಕೊನೆಗೆ ಸುತ್ತೇ ದಡದ ಕಡೆಗೆ ಸರಿಯುತ್ತ ಬಂದು, ದೋಣಿ ಕೆಸರಿಗೆ ಮೂತಿ ತೂರಿಸಿ ನಿಂತಿತು. ಎಂಜಿನ್ ಮಾತ್ರ ಇನ್ನೂ ಕೂಗುತ್ತಲೇ ಇತ್ತು.

ಅದು ನಿಲ್ಲಬೇಕಾಗಿತ್ತು. ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿಗೆ ಒಂದು ಕೆಂಪು ಸುರುಳಿ ದಾರ ಇರುತ್ತದೆ. ಇನ್ನೊಂದು ತುದಿಯನ್ನು ಚಾಲಕ ತನ್ನ ಮೈಗೆ ಸಿಕ್ಕಿಸಿಕೊಳ್ಳಬೇಕು. ಅವನು ಬಿದ್ದರೆ ದಾರ ಕಿತ್ತು ಬಂದು ಎಂಜಿನ್ ಆರುತ್ತದೆ. ಮೈಸೂರು ಕಡೆಯಿಂದ ದೋಣಿಯನ್ನು ಟ್ರೇಲರ್ ಮೇಲೆ ತಂದಾಗ, ಹೊಸ ಗಾಡಿ ತಂದವರೆಲ್ಲ ಮಾಡುವಂತೆ ನಾವೂ ಕೆಂಗಲ್‌ನ ಗುಡಿಯ ಮುಂದೆ ಇಳಿದು ಪೂಜೆ ಮಾಡಿಸಿದೆವು. ಗಾಲಿಗೆ ನಿಂಬೆಹಣ್ಣು ಇಟ್ಟೆವು. ಹೂವಿನ ಸರವನ್ನು ಸ್ಟಿಯರಿಂಗಿಗೆ ಕಟ್ಟಲು ದಾರ ಸಾಲಲಿಲ್ಲ. ಚಾಲಕ ಆ ಕೆಂಪು ಸುರುಳಿಯನ್ನೇ ಹೂವಿನ ಜೊತೆ ಸೇರಿಸಿ ಚಕ್ರಕ್ಕೆ ಗಂಟು ಹಾಕಿದ. ಹೂವು ಒಣಗಿ ಉದುರಿತು, ಗಂಟು ಉಳಿಯಿತು. ದೇವರ ಮುಂದೆ ಕಟ್ಟಿದ್ದನ್ನು ನಮ್ಮಲ್ಲಿ ಬಿಚ್ಚುವುದಿಲ್ಲ. ಅದು ತಾನಾಗಿ ಸವೆದು ಬೀಳಬೇಕು. ನೋಡಿದವರಿಗೆಲ್ಲ ಅದು ರಕ್ಷೆಯಂತೆಯೇ ಕಾಣುತ್ತಿತ್ತು. ನನಗೂ.

ಅವನು ಬದುಕಿದ. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಉಳಿದವು. ನಾನು ಮಾತ್ರ ಈಗಲೂ ರಾಟೆ ತಿರುಗುವುದನ್ನು ಹೆಚ್ಚು ಹೊತ್ತು ನೋಡಲಾರೆ. ರಿಪೇರಿಯಾದ ಮೋಟಾರನ್ನು ಪರೀಕ್ಷೆಗೆ ಚಾಲೂ ಮಾಡಿ, ಬಾಗಿಲ ಕಡೆ ಮುಖ ಮಾಡಿ ನಿಂತು, ಸದ್ದಿನಿಂದಲೇ ಸರಿಯಿದೆಯೇ ಎಂದು ತಿಳಿಯುತ್ತೇನೆ.

ಯಜಮಾನರು ಹೊಸ ಎಂಜಿನ್ ತರಿಸಿದರು. ಮೀಟರು, ಗೇರು-ವೇಗ ಎರಡಕ್ಕೂ ಇರುವ ಲಿವರು, ಕೇಬಲ್ಲು ಎಲ್ಲವನ್ನೂ ಹೊಸದಾಗಿ ಆರಿಸಿ ಜೋಡಿಸಿ ಎಂದರು. "ಅವನ ಕೈಲಿ ಆದ್ರೆ ಅವನೇ ಓಡಿಸ್ಲಿ. ಆಗ್ದೇ ಇದ್ರೆ ಬೇರೆಯವ್ರನ್ನ ನೋಡ್ತೀನಿ. ನೀವೇ ನೋಡಿ ಹೇಳಿ." ಕೊನೆಗೆ ನಾನು ಒಪ್ಪಿದೆ. ಆ ಕೆಲಸ ಬೇರೆ ಯಾರ ಕೈಗಾದರೂ ಹೋಗುತ್ತದೆಂಬ ಯೋಚನೆ ಆ ದೋಣಿಯನ್ನು ಮತ್ತೆ ಮುಟ್ಟುವುದಕ್ಕಿಂತ ಕಷ್ಟವಾಗಿತ್ತು.

ಮಾರನೆಯ ದಿನ ಚಾಲಕನ ಹೆಂಡತಿ ವರ್ಕ್‌ಶಾಪಿಗೆ ಬಂದಳು. ಮಾರ್ಕೆಟ್ಟಿನಲ್ಲಿ ರೇಷ್ಮೆ ಗೂಡು ಹಾಕಿ ಬಂದಿದ್ದಳು, ಖಾಲಿ ಚೀಲಗಳು ಕಂಕುಳಲ್ಲಿದ್ದವು. ಕೂರಲಿಲ್ಲ.

"ಅಣ್ಣ, ಆ ಲಿವರ್ರು ಮುಂಚೆ ಇದ್ದಂಗೇ ಬಲಗಡೀಕೇ ಇಕ್ಬುಡಿ."

"ಯಾಕಮ್ಮ? ಅವನ ಬಲಗೈ..."

"ಅದ್ಕೇ ಯೋಳ್ತಿರೋದು. ನಾನು ಬ್ಯಾಡ ಅಂದ್ರೆ ಕೇಳಾಕಿಲ್ಲ. ಮಿಷನ್ನೇ ಬ್ಯಾಡ ಅಂದ್ರೆ ಕೇಳ್ತಾರೆ."

ನೋಡೋಣ ಎಂದೆ. ಅವಳು ಚೀಲಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಬಸ್ಸಿಗೆ ಹೋದಳು.

ರೆಸಾರ್ಟಿನ ಶೆಡ್ಡಿನಲ್ಲಿ ದೋಣಿ ಟ್ರೇಲರ್ ಮೇಲಿತ್ತು. ನಾನೂ ಚಾಲಕನೂ ಮೊದಲು ಮೀಟರುಗಳನ್ನು ನೋಡಿದೆವು. ಅಂಗಡಿಯಿಂದ ಕಳಿಸಿದ ಪೆಟ್ಟಿಗೆಯಲ್ಲಿ ಆರೇಳು ಇದ್ದವು. ಅವನು ಒಂದೊಂದನ್ನೂ ಎತ್ತಿ ನೋಡಿದ.

"ಇದೇನಣ್ಣ ಇಷ್ಟೊಂದು ಗಡಿಯಾರ? ಟೈಮ್ ನೋಡ್ಕಂಡು ಓಡ್ಸಾದಾ, ನೀರ್ ನೋಡ್ಕಂಡು ಓಡ್ಸಾದಾ?"

ಅವನು ನಗಿಸಲು ಹೇಳಿದ್ದು. ಮಾತು ಸರಿಯಾಗಿಯೇ ಇತ್ತು. ಸ್ಕೀ ಎಳೆಯುವವನು ಒಂದೇ ವೇಗ ಹಿಡಿದಿಡಬೇಕು, ಅದಕ್ಕೆ ಸ್ಪೀಡೋಮೀಟರ್ ಬೇಕು. ಹಳೆಯದು ನೀರಿನಲ್ಲಿ ಮುಳುಗಿರುವ ಸಣ್ಣ ಕೊಳವೆಯ ಒತ್ತಡದಿಂದ ವೇಗ ತೋರಿಸುತ್ತಿತ್ತು. ಪಾಚಿ ಕಟ್ಟಿಕೊಂಡಾಗ ಸುಳ್ಳು ಹೇಳುತ್ತಿತ್ತು, ಅವನು ತಲೆ ತಗ್ಗಿಸಿ ಅದನ್ನು ಬೆರಳಿನಿಂದ ಬಡಿಯುತ್ತಿದ್ದ. ಈ ಸಲ ಜಿಪಿಎಸ್‌ನಿಂದ ನಡೆಯುವುದನ್ನು ಆರಿಸಿದೆ. ಎಂಜಿನ್ ಎಷ್ಟು ಸುತ್ತುತ್ತಿದೆ ಎಂದು ತೋರಿಸುವುದೊಂದು, ಅದರ ಬಿಸಿ ತೋರಿಸುವುದೊಂದು, ಪೆಟ್ರೋಲಿನದೊಂದು. ಉಳಿದವನ್ನು ಪೆಟ್ಟಿಗೆಗೆ ಹಾಕಿದೆ. ಹಿಂದೆ ತಿರುಗದೆಯೇ ಸ್ಕೀಯವರು ಕಾಣುವಂತೆ ಅಗಲವಾದ ಕನ್ನಡಿ. ಕೈ ಬಿಟ್ಟರೂ ಇದ್ದಲ್ಲೇ ನಿಲ್ಲುವ ಸ್ಟಿಯರಿಂಗ್. ಅದನ್ನು ಕೂರಿಸುವಾಗ ಚಕ್ರವನ್ನು ಮತ್ತೆ ಮತ್ತೆ ತಿರುಗಿಸಿ ಬಿಟ್ಟು ನೋಡಿದೆ. ಬಿಟ್ಟಲ್ಲೇ ನಿಂತಿತು. ನಿಂತಿದೆ ಎಂದು ಗೊತ್ತಾದ ಮೇಲೂ ಬಿಟ್ಟು ನೋಡಿದೆ.

ಆಮೇಲೆ ಲಿವರ್. ಅವನನ್ನು ಸೀಟಿನಲ್ಲಿ ಕೂರಿಸಿದೆ. ಅಂಗಡಿಯಲ್ಲಿ ಸಿಕ್ಕಿದ್ದು ಸಾಮಾನ್ಯವಾದದ್ದು, ಬಲ ಪಕ್ಕಕ್ಕೆ ಹಾಕುವಂಥದ್ದು. ಅದರ ಹಿಡಿಯ ಕೆಳಗೆ ಒಂದು ಬೀಗ ಇರುತ್ತದೆ. ನಡುಬೆರಳುಗಳಿಂದ ಅದನ್ನು ಮೇಲಕ್ಕೆ ಎಳೆದು ಹಿಡಿಯದೆ ಲಿವರ್ ನ್ಯೂಟ್ರಲ್ಲಿನಿಂದ ಕದಲುವುದಿಲ್ಲ. ಅವನು ತೋರುಬೆರಳಿನಿಂದ ಎಳೆದ. ಆಗಲಿಲ್ಲ.

"ಆ ಬೀಗ ಕಿತ್ತಾಕ್ಬುಡಣ್ಣ."

"ಕಿತ್ತಾಕಿದ್ರೆ ಮೊಣಕಾಲು ತಗುಲಿದ್ರೂ ಗೇರ್ ಬೀಳ್ತದೆ ಕಣ್ಲಾ."

ಅಲ್ಲಿಗೆ ಮುಗಿಯಿತು, ಅವಳು ಕೇಳಿದ್ದು ನಾನೇನೂ ಮಾಡದೆಯೇ ಆಯಿತು ಎಂದುಕೊಂಡೆ. ನನಗೆ ಹಗುರವಾದಂತೆಯೂ ಆಯಿತು. ಅಷ್ಟರಲ್ಲಿ ಅವನು ಮಣಿಕಟ್ಟನ್ನು ಹಿಡಿಯ ಕೆಳಗೆ ತೂರಿಸಿ, ಭುಜ ಎತ್ತಿ, ಬೀಗವನ್ನು ಎಬ್ಬಿಸಿ, ಲಿವರನ್ನು ಪೂರ್ತಿ ಮುಂದಕ್ಕೆ ನೂಕಿಬಿಟ್ಟ. ಎಂಜಿನ್ ಆರಿತ್ತು. ನೀರಿನಲ್ಲಿದ್ದಿದ್ದರೆ ದೋಣಿ ಚಿಮ್ಮುತ್ತಿತ್ತು.

"ನೋಡಣ್ಣ, ಆಯ್ತದೆ!" ಎಂದ. ಅವನ ಮುಖದಲ್ಲಿ ಬೆವರಿತ್ತು.

ಆಗ ನನಗೆ ಸ್ಪಷ್ಟವಾಯಿತು. ಬಲಗಡೆ ಹಾಕಿದರೆ ಅವನು ದೋಣಿ ಬಿಡುವುದಿಲ್ಲ, ಹೀಗೆಯೇ ಓಡಿಸುತ್ತಾನೆ. ಎಡಗೈ ಚಾಚು ಎಂದೆ. ಅದು ಬಿದ್ದ ಜಾಗಕ್ಕೆ, ಸೀಟಿನ ಎಡಕ್ಕೆ, ಸೀಮೆಸುಣ್ಣದಿಂದ ಗುರುತು ಹಾಕಿದೆ. ಬೇರೆ ಲಿವರ್ ತರಿಸಿದೆ. ಬಲಗೈಯ ಎರಡು ಬೆರಳಿಗೆ ಚಕ್ರದ ಕೆಲಸ ಮಾತ್ರ ಉಳಿಯಿತು.

ಲಿವರಿನ ಜಾಗ ಬದಲಾದ್ದರಿಂದ ಕೇಬಲ್ಲಿನ ಅಳತೆಯೂ ಬದಲಾಯಿತು. ರೇಷ್ಮೆ ಹುಳುಮನೆಯಲ್ಲಿ ತಟ್ಟೆ ಕಟ್ಟುವ ಹುರಿಯನ್ನು ತಂದು, ಕೇಬಲ್ ಹೋಗುವ ದಾರಿಯುದ್ದಕ್ಕೂ ಹಾಸಿದೆ. ಎಲ್ಲೂ ಗಕ್ಕನೆ ಮುರಿಯದೆ, ಅಗಲವಾಗಿ ಬಾಗುತ್ತ ಹೋಗಬೇಕು. ಎಂಜಿನ್ ಎರಡೂ ಕಡೆಗೆ ಹೊರಳಿದಾಗ, ಮೇಲಕ್ಕೆತ್ತಿದಾಗ ಎಳೆಯಬಾರದು. ಹಾಗೆಂದು ಉದ್ದವಾಗಿ ಗೊಂಚಲು ಬೀಳಲೂಬಾರದು. ಹುರಿಯನ್ನು ನೆಲಕ್ಕೆ ಹಾಕಿ ಅಳೆದು ಕೇಬಲ್ ತರಿಸಿದೆ. ಕೆಂಪು ಸುರುಳಿ ದಾರಗಳನ್ನು ಎರಡು ತರಿಸಿದೆ.

ಅವನ ಹೆಂಡತಿಗೆ ನಾನೇ ಫೋನ್ ಮಾಡಿ, ಮಣಿಕಟ್ಟಿನ ವಿಷಯವನ್ನೂ ಬಿಡದೆ ಹೇಳಿದೆ.

"ನೀರಿಗಿಳ್ಸೋ ದಿನ ನಾನೂ ಬತ್ತೀನಿ," ಎಂದಳು.

ಆ ದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಅವನು ದಾರವನ್ನು ಜಾಕೆಟ್ಟಿಗೆ ಸಿಕ್ಕಿಸಿಕೊಂಡು, ನಮಗೆ ಕಾಣುವಂತೆ ಎಳೆದು ತೋರಿಸಿದ. ಹಿಂದೆ ಹಗ್ಗ ಹಿಡಿದವರು ಯಾರೂ ಇರಲಿಲ್ಲ. ಎಡಗೈ ಲಿವರಿನ ಮೇಲೆ ಹೋಯಿತು. ಎಂಜಿನ್ ಸಣ್ಣ ದನಿಯಿಂದ ದೊಡ್ಡ ದನಿಗೆ ಒಂದು ಜರ್ಕೂ ಇಲ್ಲದೆ ಏರಿತು. ಅವನ ಹೆಂಡತಿ ಜೆಟ್ಟಿಯ ಕಂಬ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ದೋಣಿ ನೇರವಾಗಿ ಹೋಯಿತು. ನಡುನೀರಿನ ಹೊತ್ತಿಗೆ ತಿರುಗಬೇಕಿತ್ತು, ಹಾಗೆಂದು ಮಾತಾಗಿತ್ತು. ತಿರುಗಲಿಲ್ಲ. ಇನ್ನೂ ನೇರವಾಗಿ ಹೋಗಿ, ವೇಗ ತಗ್ಗಿಸಿ, ಆಚೆ ದಡಕ್ಕೆ ಮುಟ್ಟಿ ನಿಂತಿತು. ಸದ್ದು ಆರಿತು.

ಸ್ಟಿಯರಿಂಗ್ ಕೇಬಲ್ ಹಿಡಿದುಕೊಂಡಿತೇ ಎಂದು ಜೇಬಿನಿಂದ ಫೋನ್ ತೆಗೆದೆ. ಅಷ್ಟರಲ್ಲಿ ಅವನದೇ ಕರೆ ಬಂತು.

"ಕೇಬಲ್ ಏನಾರಾ ಸಿಕ್ಕಾಕ್ಕತಾ?"

"ಇಲ್ಲಣ್ಣ. ಎಲ್ಲಾ ಸರ್ಯಾಗೈತೆ. ಕೈ ಮಾತು ಕೇಳ್ತದೆ." ಉಸಿರು ಕೇಳಿಸುತ್ತಿತ್ತು. "ತಿರುಗ್ಸಕ್ಕೆ ನನ್ ಕೈಲಿ ಆಗ್ತಿಲ್ಲ. ಸುತ್ತು ಬಂದ್ರೆ... ನಂಗೆ ನೀರ್ನಾಗೆ ನಾನೇ ಕಾಣ್ತೀನಿ."

ನನ್ನ ಸ್ಕೂಟರಿನಲ್ಲಿ ಇಬ್ಬರೂ ದಡ ಬಳಸಿ ಹೋದೆವು. ಕೊನೆಗೆ ರಸ್ತೆ ಮುಗಿದು, ಜಾಲಿ ಗಿಡಗಳ ನಡುವೆ ನಡೆದೆವು. ಅವನು ದೋಣಿಯಲ್ಲೇ ಕೂತಿದ್ದ. ನಾನು ಓಡಿಸಿಕೊಂಡು ಹೋಗುತ್ತೇನೆ ಎನ್ನಬೇಕೆಂದುಕೊಂಡೆ. ಆದರೆ ಆ ತಿರುವನ್ನು ನನ್ನ ಕೈಯೂ ತೆಗೆದುಕೊಳ್ಳುತ್ತಿರಲಿಲ್ಲ.

ಅವಳು ಬಗ್ಗಿ, ದೋಣಿಯ ತಳದಲ್ಲಿ ಆಪತ್ತಿಗೆಂದು ಇಟ್ಟಿದ್ದ ಎರಡು ಹುಟ್ಟುಗಳಲ್ಲಿ ಒಂದನ್ನು ಎತ್ತಿಕೊಂಡಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ದೋಣಿ ಹತ್ತಿ ಬಲ ಪಕ್ಕಕ್ಕೆ ಕೂತಳು.

"ಯೆಂಗೆ ತಿರುಗ್ಸಾದು, ಯೋಳಿ."

ಅವನು ಅವಳನ್ನೇ ನೋಡಿದ. "ನಿಂಗೆ ಬತ್ತದಾ?"

"ನಿಮ್ಗೆ ಬತ್ತದಲ್ಲಾ. ಯೋಳಿ."

"ನೀನು ಆ ಕಡೆ ಆಕು. ನಾನು ಈ ಕಡೆ ಸುಮ್ಕಿರ್ತೀನಿ."

ನಾನು ಮೂತಿಯನ್ನು ಕೆಸರಿನಿಂದ ನೂಕಿ ಹಿಂದೆ ಹತ್ತಿಕೊಂಡೆ. ಅವಳು ಹುಟ್ಟು ಹಾಕಿದಳು. ನೀರು ಅವಳ ಮಡಿಲಿಗೇ ಎರಚಿತು. ಮತ್ತೆ ಹಾಕಿದಳು. "ಅಂಗೇ... ಒಸಿ ಆಳಕ್ಕೆ," ಎಂದ. ದೋಣಿಯ ಮೂತಿ ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿಯತೊಡಗಿತು. ಅವನು ಕಣ್ಣು ಮುಚ್ಚಿಕೊಂಡಿದ್ದ. ಮೂತಿ ಜೆಟ್ಟಿಯ ಕಡೆಗೆ ಬಂದಾಗ ಅವಳು "ಸಾಕಾ?" ಎಂದು ಕೇಳಿದಳು. ಅವನು ಕಣ್ಣು ಬಿಟ್ಟು ನೋಡಿ, ಎರಡನೆಯ ಹುಟ್ಟಿಗಾಗಿ ಕೈ ಚಾಚಿದ.